ಸುಳ್ಳು ದೂರಿಗೆ ಕೆಲಸ ಹೋದಾಗ ಮೊದಲು ಯಾರನ್ನು ಕೇಳಬೇಕು?

"ಮೇಡಂ, ಅವನ ಮೇಲೆ ಮಾನನಷ್ಟ ಕೇಸ್ ಹಾಕ್ಬೇಕು." ಸಹೋದ್ಯೋಗಿಯ ಸುಳ್ಳು ದೂರಿನಿಂದ ಕೆಲಸ ಕಳೆದುಕೊಂಡವರು ನನ್ನ ಆಫೀಸಿಗೆ ಬಂದು ಕೂರುವ ಮೊದಲೇ ಹೇಳುವ ಮಾತಿದು. ಸಿಟ್ಟು ಸಹಜ. ಆದರೆ ದೂರು ಕೊಟ್ಟದ್ದು ಅವನಾದರೂ ಕೆಲಸದಿಂದ ತೆಗೆದದ್ದು ಕಂಪನಿ ಅಲ್ವಾ? ಹಾಗಾಗಿ ನಾನು ಮೊದಲು ಕೇಳುವುದು: ವಿಚಾರಣೆ ನಡೆಯಿತಾ?

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಸೆಕ್ಷನ್ 39 ಇಲ್ಲಿ ಕೆಲಸಕ್ಕೆ ಬರುತ್ತದೆ. ಆರು ತಿಂಗಳು ಸತತವಾಗಿ ದುಡಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಬೇಕು. ದುರ್ನಡತೆ ಎಂದು ನೋಟಿಸ್ ಇಲ್ಲದೆ ಕಳಿಸುವುದಾದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. 'ನಾನು ತಪ್ಪು ಮಾಡಿಲ್ಲ' ಎಂದು ಮೇಲ್ಮನವಿ ಹಾಕಲೂ ಅಲ್ಲೇ ದಾರಿಯಿದೆ.

ನಡೆಯುವುದೇ ಬೇರೆ. ಸಂಜೆ ಮೀಟಿಂಗ್ ರೂಮಿಗೆ ಕರೆಯುತ್ತಾರೆ. ಲ್ಯಾಪ್‌ಟಾಪ್, ಐಡಿ ಕಾರ್ಡ್ ತೆಗೆದುಕೊಳ್ಳುತ್ತಾರೆ. "ನೀವೇ ರಿಸೈನ್ ಮಾಡಿ, ರಿಲೀವಿಂಗ್ ಲೆಟರ್ ಕ್ಲೀನಾಗಿ ಕೊಡ್ತೀವಿ" ಎನ್ನುತ್ತದೆ ಎಚ್‌ಆರ್. ಬರೆದುಕೊಟ್ಟಿರೋ, ದಾಖಲೆ ಪ್ರಕಾರ ನಿಮ್ಮನ್ನು ಯಾರೂ ತೆಗೆದೇ ಇಲ್ಲ! ಬಲವಂತದಿಂದ ಬರೆಸಿದ್ದರೆ ಅದೇ ರಾತ್ರಿ ನಿಮ್ಮ ಸ್ವಂತ ಇಮೇಲಿನಿಂದ ಅದನ್ನು ತಿಳಿಸಿಬಿಡಿ. ಕಂಪನಿಯ ಫೈಲುಗಳನ್ನು ಮಾತ್ರ ಮನೆಗೆ ಫಾರ್ವರ್ಡ್ ಮಾಡಬೇಡಿ. ಸುಳ್ಳು ಆರೋಪದ ಪಕ್ಕಕ್ಕೆ ನಿಜವಾದ ಒಂದನ್ನು ನೀವೇ ಕೊಟ್ಟಂತಾಗುತ್ತದೆ.

ಕಾನೂನಿನ ಲೆಕ್ಕದಲ್ಲಿ ನೀವು 'ಕಾರ್ಮಿಕ'ರಾದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿ, ಕಾರ್ಮಿಕ ಭವನದಲ್ಲಿ ವಿಚಾರಿಸಿ. ಹುದ್ದೆಯ ಹೆಸರಿಗಿಂತ ದಿನವೂ ಮಾಡುವ ಕೆಲಸ ಮುಖ್ಯ. ಸುಮ್ನೆ 'ಲೀಡ್' ಅಂತ ಕರೆದ ಮಾತ್ರಕ್ಕೆ ಮ್ಯಾನೇಜರ್ ಆಗುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ ಎರಡು ವರ್ಷ ದಾಟಿದ ವಿವಾದವನ್ನು ಸಂಧಾನಾಧಿಕಾರಿ (ಎರಡೂ ಕಡೆಯವರನ್ನು ಕೂರಿಸಿ ರಾಜಿಗೆ ಯತ್ನಿಸುವ ಸರ್ಕಾರಿ ಅಧಿಕಾರಿ) ಕೈಗೆತ್ತಿಕೊಳ್ಳುವಂತಿಲ್ಲ. ಸಂಧಾನ ಮುರಿದರೆ ಆ ಅಧಿಕಾರಿಯ ವರದಿ ಕೈಸೇರಿದ 90 ದಿನಗಳೊಳಗೆ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲಿ ಗೆದ್ದರೆ ಕೆಲಸವೇ ವಾಪಸ್ ಸಿಗಬಹುದು. ನಿಜವಾದ ಮ್ಯಾನೇಜರುಗಳಿಗೆ ಆ ಭಾಗ್ಯವಿಲ್ಲ. ಸಿವಿಲ್ ಕೋರ್ಟಿನಲ್ಲಿ ಹೆಚ್ಚಾಗಿ ಸಿಗುವುದು ನೋಟಿಸ್ ಅವಧಿಯ ಸಂಬಳ ಅಷ್ಟೆ.

ಇನ್ನು ಆ ಮಾನನಷ್ಟ. ಪರಿಹಾರ ಕೇಳುವ ದಾವೆಗೆ ಒಂದೇ ವರ್ಷ ಗಡುವು. ಒಳ್ಳೆಯ ಉದ್ದೇಶದಿಂದ ಎಚ್‌ಆರ್‌ಗೆ ಕೊಟ್ಟ ದೂರಿಗೆ ಕಾನೂನಿನ ರಕ್ಷಣೆ ಇದೆ, ಹಾಗಾಗಿ ಬೇಕಂತಲೇ ಸುಳ್ಳು ಹೇಳಿದ್ದಾರೆಂದು ತೋರಿಸುವ ಚಾಟ್, ಸಾಕ್ಷಿ ಇಲ್ಲದಿದ್ದರೆ ನಾನು ಈ ಕೇಸ್ ಬೇಡ ಅಂತಲೇ ಹೇಳುತ್ತೇನೆ. ಲೈಂಗಿಕ ಕಿರುಕುಳದ ದೂರಾದರೆ ದಾರಿ ಬೇರೆ: 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ, ದೂರನ್ನು ವಿಚಾರಿಸುವ ಸಮಿತಿಯ ಶಿಫಾರಸಿನ ವಿರುದ್ಧ 90 ದಿನಗಳೊಳಗೆ ಮೇಲ್ಮನವಿ. ಅಲ್ಲೂ ದೂರು ಸಾಬೀತಾಗಲಿಲ್ಲ ಅಂದಮಾತ್ರಕ್ಕೆ ಅದು ಸುಳ್ಳು ದೂರು ಎಂದಾಗುವುದಿಲ್ಲ.