ಕಾಗೆ ಹಾರಿತು, ಕುದುರೆ ಕೆನೆಯಿತು: ‘ಹಂಟ್ ಶೋಡೌನ್’ ವಿಡಿಯೊ ಗೇಮ್‌ನಲ್ಲಿ ಪ್ರಾಣಿಗಳ ಗದ್ದಲಕ್ಕೆ ಏನು ಮಾಡಬೇಕು?

ಪ್ರಶ್ನೆ: “ಹಂಟ್ ಶೋಡೌನ್ ಆಡ್ಲಿಕತ್ತು ಸ್ವಲ್ಪ ದಿನ ಆತ್ರಿ. ಎಷ್ಟ್ ಹುಷಾರಾಗಿ ಹೋದ್ರೂ ಕಾಗಿ ಹಾರ್ತಾವ, ಕುದುರಿ ಒದರ್ತದ, ನಾಯಿ ಬೊಗಳ್ತಾವ. ಬಾಸ್ ಇದ್ದ ಜಾಗಾ ಮುಟ್ಟೂದ್ರಾಗೇ ಯಾರರ ಬಂದು ಹೊಡೀತಾರ. ಇವುಗಳ ಬಾಯಿ ಮುಚ್ಚಸೋದು ಹ್ಯಾಂಗ್ರಿ?” (ಕಲಬುರಗಿಯ ಓದುಗರೊಬ್ಬರು)

ಉತ್ತರ: ಎಲ್ಲವುಗಳ ಬಾಯಿ ಮುಚ್ಚಿಸಲು ಹೋದರೆ ಆಟದ ಅರ್ಧ ಸಮಯ ಅದಕ್ಕೇ ಹೋಗುತ್ತದೆ, ಸದ್ದೂ ಹೆಚ್ಚುತ್ತದೆ. ಹೆಚ್ಚಿನವನ್ನು ದೂರದಿಂದ ಸುತ್ತಿಕೊಂಡು ಹೋಗಬೇಕು, ಅಪರೂಪಕ್ಕೆ ಒಂದನ್ನು ಕೊಲ್ಲಬೇಕು, ಕೆಲವನ್ನು ಬೇಕೆಂದೇ ಉಳಿಸಿಕೊಳ್ಳಬೇಕು. ಯಾವುದಕ್ಕೆ ಯಾವ ಉಪಾಯ ಎಂದು ತೀರ್ಮಾನಿಸಲು ಎರಡೇ ಸಂಗತಿ ನೋಡಿ: ಆ ಪ್ರಾಣಿ ಒಂದೇ ಸಲ ಕೂಗುತ್ತದೆಯೋ, ಹತ್ತಿರ ಹೋದಾಗಲೆಲ್ಲ ಕೂಗುತ್ತದೆಯೋ? ನೀವು ಅಲ್ಲಿದ್ದೀರಿ ಎಂದು ಬೇರೆಯವರಿಗೆ ಈಗಾಗಲೇ ಗೊತ್ತಿದೆಯೋ, ಇಲ್ಲವೋ?

ಜರ್ಮನಿಯ ಕ್ರೈಟೆಕ್ ಕಂಪನಿಯ ಈ ಆಟ 2019ರಲ್ಲಿ ಪೂರ್ಣ ರೂಪದಲ್ಲಿ ಬಂತು, 2024ರ ಆಗಸ್ಟ್‌ನಲ್ಲಿ ‘ಹಂಟ್ ಶೋಡೌನ್ 1896’ ಎಂದು ಹೊಸದಾಯಿತು. ಒಂದು ಪಂದ್ಯದಲ್ಲಿ ಗರಿಷ್ಠ 12 ಜನ ಬೇಟೆಗಾರರು, ಸುಳಿವು ಹಿಡಿದು ‘ಬಾಸ್’ ಎಂಬ ದೈತ್ಯನನ್ನು ಹುಡುಕಿ ಕೊಲ್ಲುವುದು ಅವರ ಗುರಿ. ಇಷ್ಟು ದೊಡ್ಡ ನಕ್ಷೆಯಲ್ಲಿ ಇಷ್ಟೇ ಜನ ಇರುವುದರಿಂದ ಒಬ್ಬರನ್ನೊಬ್ಬರು ಕಣ್ಣಿನಿಂದ ಹುಡುಕುವುದು ಕಷ್ಟ, ಕಿವಿಯಿಂದಲೇ ಹುಡುಕುತ್ತಾರೆ. ಪ್ರಾಣಿಗಳನ್ನು ಅಲ್ಲಲ್ಲಿ ಇಟ್ಟಿರುವುದೇ ಇದಕ್ಕಾಗಿ. ಬೀದರ್ ಕಡೆ ರಾತ್ರಿ ಹೊಲದ ಬದುವಿನಲ್ಲಿ ಟಿಟ್ಟಿಭ ಕೂಗಿದರೆ ಆ ದಿಕ್ಕಿನಲ್ಲಿ ಯಾರೋ ನಡೆದರು ಎಂದು ಹೊಲ ಕಾಯುವವರಿಗೆ ತಿಳಿಯುತ್ತದಲ್ಲ, ಆಟದ ಕಾಗೆಯ ಕೆಲಸವೂ ಅಷ್ಟೇ.

ಕಾಗೆಯಿಂದಲೇ ಶುರು ಮಾಡೋಣ, ಹೊಸಬರು ಹೆಚ್ಚು ಸಿಕ್ಕಿಬೀಳುವುದು ಅಲ್ಲೇ. ಕಾಗೆಗಳು ಗುಂಪಾಗಿ ನೆಲದ ಮೇಲೆ ಕೂತಿರುತ್ತವೆ. ನೀವು ಎಷ್ಟು ವೇಗವಾಗಿ ಬರುತ್ತೀರಿ ಎಂಬುದರ ಮೇಲೆ ಅವು ಎಷ್ಟು ದೂರದಿಂದ ಬೆದರುತ್ತವೆ ಎಂಬುದು ನಿಂತಿದೆ. ಓಡಿದರೆ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಹಾರುತ್ತವೆ. ನಡೆದರೆ ಇನ್ನಷ್ಟು ಹತ್ತಿರ ಹೋಗಬಹುದು, ಬಗ್ಗಿ ನಡೆದರೆ ಇನ್ನೂ ಹತ್ತಿರ. ಆದರೆ ಬಗ್ಗಿದ ಮಾತ್ರಕ್ಕೆ ಗುಂಪಿನ ನಡುವೆಯೇ ದಾಟಬಹುದು ಎಂದುಕೊಳ್ಳಬೇಡಿ, ತೀರಾ ಹತ್ತಿರ ಹೋದರೆ ಆಗಲೂ ಹಾರುತ್ತವೆ. ಹೊಸಬರು ಬಂದೂಕಿನ ಗುರಿಯನ್ನು ಶತ್ರುವಿನ ತಲೆಯ ಎತ್ತರಕ್ಕೇ ಇಟ್ಟುಕೊಂಡು ಓಡುತ್ತಾರೆ, ನೆಲ ನೋಡುವುದಿಲ್ಲ. ಮರೆಯಿಂದ ಹೊರಗೆ ಬರುವಾಗ, ಗುಡ್ಡದ ತುದಿ ಏರುವಾಗ, ಕಾಂಪೌಂಡ್‌ನ ಗೇಟಿಗೆ ಬಂದಾಗ ಒಂದು ಕ್ಷಣ ನಿಂತು ಮುಂದಿನ ನೆಲವನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿ. ಈ ಒಂದು ಅಭ್ಯಾಸವಾದರೆ ಕಾಗೆಯ ತೊಂದರೆ ಬಹುಪಾಲು ಮುಗಿಯಿತು. ಕಾಗೆಗೆ ಗುಂಡು ಹಾರಿಸುವುದು ಶುದ್ಧ ನಷ್ಟ, ಗುಂಡಿನ ಸದ್ದು ಕಾಗೆಯ ಸದ್ದಿಗಿಂತ ಬಹಳ ದೂರ ಹೋಗುತ್ತದೆ. ನೀರಿನಲ್ಲಿರುವ ಬಾತುಕೋಳಿಗಳದೂ ಇದೇ ಲೆಕ್ಕ.

ಮೂವರ ತಂಡದಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಮುಂದಿನ ಇಬ್ಬರು ಬಗ್ಗಿ ದಾಟಿರುತ್ತಾರೆ, ಹಿಂದೆ ಬಿದ್ದ ಮೂರನೆಯವರು ಅವರನ್ನು ಹಿಡಿಯಲು ಓಡಿ ಬಂದು ಎಲ್ಲವನ್ನೂ ಹಾರಿಸುತ್ತಾರೆ. ಮೊದಲು ನೋಡಿದವರು ಆ ಜಾಗಕ್ಕೆ ಗುರುತು ಹಾಕಿ, ಬಾಯಿಬಿಟ್ಟು ಹೇಳಲೇಬೇಕು.

ಇನ್ನು ಕುದುರೆ. ಗಾಯಗೊಂಡು ದಾರಿಯಲ್ಲಿ ಬಿದ್ದಿರುವ ಈ ಕುದುರೆ ಕಾಗೆಯ ಹಾಗೆ ಒಂದೇ ಸಲಕ್ಕೆ ಮುಗಿಯುವಂಥದ್ದಲ್ಲ. ನೀವು ಹತ್ತಿರ ಬಂದಾಗಲೆಲ್ಲ ಕೆನೆಯುತ್ತದೆ, ದೂರ ಹೋದರೆ ಸುಮ್ಮನಾಗುತ್ತದೆ. ಆದ್ದರಿಂದ ಸುಮ್ಮನೆ ಹಾದು ಹೋಗುವವರು ದೂರದಿಂದ ಸುತ್ತುಹಾಕಿ ಹೋಗಬೇಕು. ಅದೇ ಜಾಗದಲ್ಲಿ ಹೆಚ್ಚು ಹೊತ್ತು ಇರಬೇಕಾದರೆ ಮಾತ್ರ ಕೊಲ್ಲುವುದು ಸರಿ. ಚಾಕು ಹಿಡಿದು ಹತ್ತಿರ ಹೋದರೆ ಅಷ್ಟರಲ್ಲಿ ಅದು ಒದರಿ ಊರಿಗೆಲ್ಲ ಹೇಳಿರುತ್ತದೆ. ದೂರದಿಂದಲೇ ಕ್ರಾಸ್‌ಬೋ ಅಥವಾ ಸೈಲೆನ್ಸರ್ ಇರುವ ನಗಾಂಟ್‌ನಂಥ ಬಂದೂಕು ಬಳಸಿ. ಸೈಲೆನ್ಸರ್ ಇದ್ದರೂ ಸದ್ದು ಪೂರ್ತಿ ಹೋಗುವುದಿಲ್ಲ, ದೂರಕ್ಕೆ ತಲುಪುವುದು ಕಡಿಮೆಯಾಗುತ್ತದೆ ಅಷ್ಟೇ.

ನಾಯಿಗೂಡು, ಕೋಳಿಗೂಡು ಹೆಚ್ಚಾಗಿ ಕಟ್ಟಡಗಳ ಪಕ್ಕದಲ್ಲಿರುತ್ತವೆ. ಎಲ್ಲಕ್ಕಿಂತ ಕೆಟ್ಟವು ಇವೇ, ಏಕೆಂದರೆ ನೀವು ಗೋಡೆಯ ಒಳಗಿದ್ದರೂ ಗೂಡಿಗೆ ಹತ್ತಿರ ಓಡಾಡಿದರೆ ಬೊಗಳಾಟ ನಿಲ್ಲುವುದಿಲ್ಲ. ಕಾಂಪೌಂಡ್‌ನಲ್ಲಿ ನೇತಾಡುವ ಲಾಂದ್ರ ತಂದು ಗೂಡಿನ ಮೇಲೆ ಎಸೆದರೆ ಬೆಂಕಿಗೆ ಸಿಕ್ಕು ಸಾಯುತ್ತವೆ. ಆದರೆ ಸಾಯುವಾಗ ಕಿರುಚುತ್ತವೆ, ಬೆಂಕಿಯ ಬೆಳಕು ದೂರಕ್ಕೆ ಕಾಣುತ್ತದೆ. ಅರ್ಧ ನಿಮಿಷದಲ್ಲಿ ಸುಳಿವು ತೆಗೆದುಕೊಂಡು ಹೊರಡುವವರಿಗೆ ಇದು ಬೇಡ. ಆ ಕಡೆಯ ಬಾಗಿಲು ಬಿಟ್ಟು ಇನ್ನೊಂದು ಕಡೆಯಿಂದ ಒಳಗೆ ಹೋಗಿ.

ಇಷ್ಟೆಲ್ಲ ನೋಡಿಕೊಂಡರೂ ಒಂದಲ್ಲ ಒಂದು ಸಲ ಕಾಗೆ ಹಾರೇ ಹಾರುತ್ತದೆ. ನೀವು ಸಾಯುವುದು ಬಹುಶಃ ಅದರ ನಂತರದ ಹತ್ತು ಸೆಕೆಂಡಿನಲ್ಲಿ. ಹೊಸಬರು ಸದ್ದಾದ ತಕ್ಷಣ ಗಾಬರಿಯಾಗಿ ಅಲ್ಲೇ ಪೊದೆಯಲ್ಲಿ ಕೂತುಬಿಡುತ್ತಾರೆ. ಕೇಳಿದವರಿಗೆ ಸಿಕ್ಕಿರುವುದು ಆ ಜಾಗ, ಅವರು ಬಂದೂಕು ತಿರುಗಿಸುವುದೂ ಅಲ್ಲಿಗೇ. ಅಲ್ಲಿಂದ ನೀವು ಎತ್ತ ಹೋದಿರಿ ಎಂಬುದು ಅವರಿಗೆ ಗೊತ್ತಿಲ್ಲ. ಹಾಗಾಗಿ ಮುಂದಕ್ಕೂ ಓಡದೆ, ಅಲ್ಲೇ ಕೂರದೆ, ಪಕ್ಕಕ್ಕೆ ಇಪ್ಪತ್ತು ಮೂವತ್ತು ಮೀಟರ್ ಸರಿದು ಗಟ್ಟಿ ಮರೆ ಹಿಡಿಯಿರಿ. ಮರದ ಕಾಂಡವೋ ಬಂಡೆಯೋ ಆಗಲಿ, ಪೊದೆ ಗುಂಡು ತಡೆಯುವುದಿಲ್ಲ. ಅಲ್ಲಿಂದ ಕಾಗೆ ಹಾರಿದ ಜಾಗವನ್ನೇ ಕಾಯಿರಿ. ವಿಚಾರಿಸಲು ಬಂದವರು ಬಹಳ ಸಲ ನಿಮ್ಮ ಎದುರಿಗೇ ಅಡ್ಡ ಹಾಯುತ್ತಾರೆ.

ಬಾಸ್ ಸತ್ತು, ಬಹುಮಾನಕ್ಕಾಗಿ ಅದರ ಹೆಣವನ್ನು ಇಲ್ಲವಾಗಿಸುವ ‘ಬ್ಯಾನಿಶ್’ ಶುರುವಾದ ಮೇಲೆ ಲೆಕ್ಕ ಪೂರ್ತಿ ತಿರುಗುತ್ತದೆ. ಆ ಜಾಗ ಎಲ್ಲರ ನಕ್ಷೆಯಲ್ಲೂ ಕಾಣುತ್ತದೆ, ಇನ್ನು ಅಡಗಿಸುವುದಕ್ಕೆ ಏನೂ ಇಲ್ಲ. ಈಗ ಜೀವಂತ ನಾಯಿಗೂಡು ನಿಮ್ಮ ಕಾವಲುಗಾರ. ಬರುವಾಗಲೇ ಸುತ್ತಲಿನ ಗೂಡು, ಕುದುರೆ, ಕಾಗೆ ಯಾವ ದಿಕ್ಕಿನಲ್ಲಿವೆ ಎಂದು ನೆನಪಿಟ್ಟುಕೊಂಡಿದ್ದರೆ ಆ ಕಡೆಯ ಕಾವಲು ಅವುಗಳಿಗೆ ಬಿಟ್ಟು, ಪ್ರಾಣಿಗಳಿಲ್ಲದ ದಿಕ್ಕಿನ ಕಿಟಕಿಯಲ್ಲಿ ನೀವು ನಿಲ್ಲಬಹುದು. ಹೊಸಬರು ಒಳಗೆ ಬರುತ್ತಲೇ ಗೂಡಿಗೆ ಬೆಂಕಿ ಹಚ್ಚುವುದನ್ನು ನೋಡಿದರೆ ಬೇಸರವಾಗುವುದು ಇದಕ್ಕೇ. ಒಂದು ಎಚ್ಚರಿಕೆ: ಹತ್ತಿರದಲ್ಲಿ ಗುಂಡು ಹಾರಿದರೂ ಕಾಗೆ ಏಳುತ್ತದೆ. ಗುಂಡಿನ ಸದ್ದಿನ ಬೆನ್ನಿಗೇ ಹಾರಿದ ಕಾಗೆಯ ಕೆಳಗೆ ಯಾರೂ ಇಲ್ಲದಿರಬಹುದು.

‘ಬೀಸ್ಟ್‌ಫೇಸ್’ ಎಂಬ ಗುಣ ತೆಗೆದುಕೊಂಡರೆ ಪ್ರಾಣಿಗಳು ಬೆದರುವ ದೂರ ಕಡಿಮೆಯಾಗುತ್ತದೆ. ಅದರ ಅಂಕದ ಬೆಲೆಯನ್ನು ತೆಗೆದುಕೊಳ್ಳುವ ಮುನ್ನ ಆಟದಲ್ಲೇ ನೋಡಿಕೊಳ್ಳಿ. ಒಬ್ಬರೇ ಆಡುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಮೂವರ ತಂಡದಲ್ಲಿ ಒಬ್ಬರಿಗೆ ಮಾತ್ರ ಇದ್ದರೆ ಉಳಿದಿಬ್ಬರು ಕಾಗೆ ಹಾರಿಸುತ್ತಾರೆ, ಅಂಕ ದಂಡ.

ಕೊನೆಗೆ ನಿಮ್ಮ ಕೋಣೆಯ ಮಾತು. ಕಲಬುರಗಿಯ ಬೇಸಿಗೆಯಲ್ಲಿ ಕೂಲರ್ ಹಚ್ಚದೆ ಕೂರಲಾಗದು, ಅದರ ಭರ್ರ್ ಸದ್ದಿನಲ್ಲಿ ದೂರದ ಕಾಗೆ ಕೇಳುವುದೂ ಇಲ್ಲ. ಸ್ಪೀಕರ್ ಬಿಟ್ಟು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ. ಆಟದ ಧ್ವನಿ ಸೆಟ್ಟಿಂಗ್‌ನಲ್ಲಿ ಸದ್ದಿನ ದಿಕ್ಕು ತಿಳಿಸುವ ‘ಬೈನಾರಲ್’ ಆನ್ ಮಾಡಿ, ವಿಂಡೋಸ್‌ನಲ್ಲಾಗಲಿ ಹೆಡ್‌ಫೋನ್‌ನ ಆ್ಯಪ್‌ನಲ್ಲಾಗಲಿ ಇರುವ ಸರೌಂಡ್ ಆಫ್ ಮಾಡಿ. ಎರಡೂ ಒಟ್ಟಿಗೆ ಇದ್ದರೆ ದಿಕ್ಕು ಕಲಸಿಹೋಗುತ್ತದೆ. ಕೂಲರ್‌ನಿಂದ ಇನ್ನೊಂದು ಅಪಾಯವೂ ಇದೆ. ಆಟದೊಳಗಿನ ಮಾತು ಹತ್ತಿರದ ಎದುರಾಳಿಗಳಿಗೂ ಕೇಳುತ್ತದೆ. ಮೈಕ್ ಸದಾ ತೆರೆದಿದ್ದರೆ ನೀವು ಬಾಯಿ ಮುಚ್ಚಿ ಕೂತರೂ ಕೂಲರ್ ಕೂಗಿ ಹೇಳುತ್ತದೆ, ಆದ್ದರಿಂದ ಗುಂಡಿ ಒತ್ತಿದಾಗ ಮಾತ್ರ ಮಾತು ಹೋಗುವಂತೆ ಇಟ್ಟುಕೊಳ್ಳಿ.