ಬೀಗ ಬದಲಾದಂತೆ ಕಳ್ಳನ ದಾರಿಯೂ ಬದಲಾಯಿತು

ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯ ಯಾವುದೇ ಸೊಸೈಟಿಯ ಗೇಟಿನಲ್ಲಿ ಸಂಜೆ ಹತ್ತು ನಿಮಿಷ ನಿಂತರೆ ಸಾಕು, ವಾಚ್‌ಮನ್ ಇಂಟರ್‌ಕಾಮಿನಲ್ಲಿ ‘ಪಾರ್ಸೆಲ್ ಆಯಾ ಹೈ, ಓಟಿಪಿ ಬೋಲೋ’ ಎನ್ನುವುದು ಕೇಳಿಬರುತ್ತದೆ. ಐದನೇ ಮಹಡಿಯಿಂದ ನಾಲ್ಕು ಅಂಕಿ ಇಳಿದು ಬರುತ್ತವೆ. ಓಟಿಪಿ ಶುರುವಾದ ಕಾಲದಲ್ಲಿ ಅದನ್ನು ಮನೆಯವರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ಕಲಿಸಿದ್ದವು. ಗುಟ್ಟಾಗಿದ್ದ ಅಂಕಿ ಗೇಟಿನಲ್ಲಿ ಕೂಗುವ ಅಂಕಿಯಾದದ್ದು ಹೇಗೆ ಎಂದು ತಿಳಿಯಲು, ಇದೇ ಮುಂಬೈಯ ಫೋರ್ಟ್‌ನಲ್ಲಿರುವ ರಿಸರ್ವ್ ಬ್ಯಾಂಕಿನ ಹಳೆಯ ಸುತ್ತೋಲೆಗಳಿಂದ ಶುರು ಮಾಡಬೇಕು.

2009ರವರೆಗೆ ಆನ್‌ಲೈನ್ ಖರೀದಿಗೆ ಕಾರ್ಡಿನ ಮೇಲೆ ಅಚ್ಚಾದ ವಿವರಗಳೇ ಸಾಕಿದ್ದವು: 16 ಅಂಕಿ, ಅವಧಿ ಮುಗಿಯುವ ತಿಂಗಳು, ಹಿಂಬದಿಯ 3 ಅಂಕಿಯ ಸಿವಿವಿ. ಕಾರ್ಡನ್ನು ಒಂದು ನಿಮಿಷ ಕೈಯಲ್ಲಿ ಹಿಡಿದವನೂ ಅದನ್ನು ಬರೆದುಕೊಳ್ಳಬಹುದಿತ್ತು. ಆ ವರ್ಷದ ಆಗಸ್ಟ್ 1ರಿಂದ, ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುರುತು ಕಡ್ಡಾಯವಾಯಿತು. ಮೊದಲು ಅದಕ್ಕೊಂದು ಕಾಯಂ ಪಾಸ್‌ವರ್ಡ್ ಬಂತು, ಜನ ಮರೆತರು. ಆ ಜಾಗಕ್ಕೆ ಓಟಿಪಿ ಬಂತು. ಅಷ್ಟಾದರೂ ಧೈರ್ಯ ಸಾಲದವರಿಗೆ 2010ರಲ್ಲಿ ಫ್ಲಿಪ್‌ಕಾರ್ಟ್ ಕ್ಯಾಶ್ ಆನ್ ಡೆಲಿವರಿ ತಂದಿತು. ನಮ್ಮಲ್ಲಿ ಆನ್‌ಲೈನ್ ಖರೀದಿ ಬೆಳೆದದ್ದು ಬಹುಮಟ್ಟಿಗೆ ಅದರ ಬೆನ್ನೇರಿ.

ಆದರೆ ಅಂಗಡಿಯವರ ಸರ್ವರಿನಲ್ಲಿ, ಬ್ಯಾಂಕಿನ ಸರ್ವರಿನಲ್ಲಿ ಕೂತ ಮಾಹಿತಿಗೆ ನಮ್ಮ ಎಚ್ಚರ ಕಾವಲಾಗದು. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿಗೆ ಮಾಲ್‌ವೇರ್ ಎಂಬ ಕಳ್ಳ ತಂತ್ರಾಂಶ ನುಗ್ಗಿ, ನಕಲಿ ಕಾರ್ಡುಗಳ ಮೂಲಕ ಹಲವು ದೇಶಗಳ ಎಟಿಎಂಗಳಿಂದ ಹಣ ಹೋಯಿತು. ಒಟ್ಟು ನಷ್ಟ ₹94 ಕೋಟಿ ದಾಟಿತು. ಅಲ್ಲಿ ಯಾವ ಗ್ರಾಹಕರೂ ಯಾರಿಗೂ ಓಟಿಪಿ ಹೇಳಿರಲಿಲ್ಲ.

ಅಂಗಡಿಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಹಾಕಿದ ಬೀಗ ಟೋಕನ್. 2022ರ ಅಕ್ಟೋಬರ್ 1ರಿಂದ ಶಾಪಿಂಗ್ ತಾಣಗಳು ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ‘ಕಾರ್ಡ್ ಸೇವ್ ಮಾಡಿ’ ಎಂದು ಒತ್ತಿದರೆ ಉಳಿಯುವುದು ಆ ಕಾರ್ಡಿಗೂ ಆ ಅಂಗಡಿಗೂ ಮಾತ್ರ ಸಲ್ಲುವ ಬದಲಿ ಸಂಖ್ಯೆ. ಅದು ಸೋರಿದರೂ ಬೇರೆ ಅಂಗಡಿಯಲ್ಲಿ ನಡೆಯದು. ಹಾಗಾಗಿ, ಇಲ್ಲಿನ ಹೆಸರಾಂತ ತಾಣದಲ್ಲಿ ಕಾರ್ಡ್ ಉಳಿಸಲು ಮೊದಲಿನಷ್ಟು ಹೆದರಬೇಕಿಲ್ಲ. ಓಟಿಪಿ ಕೇಳದ ವಿದೇಶಿ ತಾಣಗಳ ಮಾತು ಬೇರೆ: ಬ್ಯಾಂಕ್ ಆ್ಯಪಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರದ ಸ್ವಿಚ್ ಆಫ್ ಇರಲಿ, ಬೇಕಾದ ಹೊತ್ತಿಗೆ ಮಾತ್ರ ತೆರೆಯಿರಿ.

ಟೋಕನ್ ಮುಚ್ಚುವುದು ಕಾರ್ಡನ್ನು ಮಾತ್ರ. ಹೆಸರು, ಫೋನ್, ವಿಳಾಸ, ಏನು ಕೊಂಡಿರಿ ಎಂಬುದೆಲ್ಲ ಬಯಲಲ್ಲೇ ಉಳಿದವು. ಬೀಗ ಒಡೆಯಲಾಗದ ಕಳ್ಳ ಬೀಗದ ಕೈ ಇದ್ದವರನ್ನೇ ಮಾತಾಡಿಸತೊಡಗಿದ. ‘ನಿಮ್ಮ ಮಿಕ್ಸರ್ ಪಾರ್ಸೆಲ್ ವಿಳಾಸ ತಪ್ಪಿದೆ’ ಎಂದು ಕರೆ ಬಂದಾಗ, ಮಿಕ್ಸರ್ ತರಿಸಿದ್ದು ನಿಜವಾದ್ದರಿಂದ ನಂಬಿಕೆ ಹುಟ್ಟುತ್ತದೆ. ಆ ಕಡೆಯವನು ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿಬಿಟ್ಟರಂತೂ ಪರವೂರಿನಲ್ಲಿರುವ ನಾವು ಇನ್ನೂ ಬೇಗ ಕರಗುತ್ತೇವೆ.

ಅವನು ಕೇಳುವುದು ಮೂರರಲ್ಲಿ ಒಂದು. ಮೊದಲನೆಯದು ಓಟಿಪಿ. ಮೆಸೇಜನ್ನು ಪೂರ್ತಿ ಓದಿ: ಬ್ಯಾಂಕಿನದಾದರೆ ಸಾಮಾನ್ಯವಾಗಿ ಮೊತ್ತವೂ ಅಂಗಡಿಯ ಹೆಸರೂ ಇರುತ್ತವೆ. ಡೆಲಿವರಿಯದನ್ನು ಪಾರ್ಸೆಲ್ ಕಣ್ಣೆದುರಿಗೆ ಬಂದ ಮೇಲೆ ಮಾತ್ರ ಹೇಳಿ. ‘ಆರ್ಡರ್ ರದ್ದು ಮಾಡಲು’ ಎಂದು ಫೋನಿನಲ್ಲಿ ಕೇಳಿದರೆ ಅದು ಮೋಸ. ಎರಡನೆಯದು, ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಸಂಖ್ಯೆ ಒತ್ತಿಸುವುದು. ಅದು ನಿಮ್ಮ ಕರೆಗಳನ್ನು ಅವನ ಫೋನಿಗೆ ತಿರುಗಿಸುತ್ತದೆ, ಕರೆಯಲ್ಲಿ ಬರುವ ಓಟಿಪಿ ಅವನಿಗೆ ಸಿಗುತ್ತದೆ. ಇದಕ್ಕಾಗಿಯೇ 2024ರ ಏಪ್ರಿಲ್ 15ರಿಂದ ಈ ಸೌಲಭ್ಯ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತು. ಸಂಶಯವಿದ್ದರೆ ##002# ಒತ್ತಿ, ತಿರುಗಿಸಿದ್ದೆಲ್ಲ ರದ್ದಾಗುತ್ತದೆ. ಮೂರನೆಯದು, ವಾಟ್ಸ್‌ಆ್ಯಪಿನಲ್ಲಿ ಬರುವ ಎಪಿಕೆ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್. ಅದನ್ನು ಇನ್‌ಸ್ಟಾಲ್ ಮಾಡಿ ಅನುಮತಿ ಕೊಟ್ಟರೆ ನಿಮ್ಮ ಮೆಸೇಜುಗಳನ್ನು ಅದೇ ಓದಿಕೊಳ್ಳುತ್ತದೆ.

ಯುಪಿಐ ಬಂದದ್ದು 2016ರಲ್ಲಿ. ಅದರ ಪಿನ್ ಹಣ ಕೊಡುವುದಕ್ಕೆ. ರಿಫಂಡ್ ಪಡೆಯಲು ಪಿನ್ನೂ ಬೇಡ, ಕ್ಯೂಆರ್ ಸ್ಕ್ಯಾನೂ ಬೇಡ.

ಬ್ರೌಸರಿನ ಪುಟ್ಟ ಬೀಗದ ಚಿತ್ರಕ್ಕೂ ಹಿಂದೆ ಭಾರೀ ಮರ್ಯಾದೆಯಿತ್ತು. ನೀವು ಟೈಪಿಸಿದ್ದನ್ನು ದಾರಿಯಲ್ಲಿ ಯಾರೂ ಓದಲಾಗದು ಎಂಬುದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕಳ್ಳನೇ ಕೂತಿದ್ದರೂ ಬೀಗ ಕಾಣುತ್ತಿತ್ತು. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಅದನ್ನು ತೆಗೆದುಹಾಕಿತು. ನೋಡಬೇಕಾದದ್ದು ‘ಡಾಟ್ ಕಾಂ’, ‘ಡಾಟ್ ಇನ್’ಗೆ ತಗುಲಿಕೊಂಡಂತೆ ಅದಕ್ಕಿಂತ ಮೊದಲು ಬರುವ ಪದ. ಅಂಗಡಿಯ ಹೆಸರು ಮೊದಲಿದ್ದು ಬಳಿಕ ‘ಆಫರ್ ಡಾಟ್ ಕಾಂ’ ಎಂದಿದ್ದರೆ ತಾಣ ಆಫರಿನವನದು, ಅಂಗಡಿಯದಲ್ಲ.

ಹಣ ಹೋಯಿತೆಂದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಿರುವಾಗಲೇ ತಡೆಯಬೇಕು, ಎಟಿಎಂನಿಂದ ಹೊರಬಿದ್ದ ಮೇಲೆ ಕಷ್ಟ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಸೊನ್ನೆ. ಓಟಿಪಿ ನೀವೇ ಹೇಳಿದ್ದರೆ, ದೂರು ಕೊಡುವ ಕ್ಷಣದವರೆಗಿನ ನಷ್ಟ ನಿಮ್ಮದೇ. ಈ ಒಂದು ವಾಕ್ಯದಿಂದಾಗಿ, ಕಳ್ಳ ನಿಮ್ಮ ಬಾಯಿಂದ ಓಟಿಪಿ ಹೇಳಿಸುವುದು ಬ್ಯಾಂಕಿಗೂ ಅನುಕೂಲ ಎನ್ನಿಸಿಬಿಡುತ್ತದೆ!

ಸೋರುವ ವಿವರಗಳ ಕಥೆ ನಿಧಾನದ್ದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದರ ಬೆನ್ನಿಗೆ ದತ್ತಾಂಶ ರಕ್ಷಣೆಯ ಕಾಯ್ದೆ ಬರಲು 2023 ಆಯಿತು, ನಿಯಮಗಳು ಬರಲು 2025. ಅಷ್ಟರಲ್ಲಿ ನಾವೇ ಮಾಡಿಕೊಳ್ಳಬಹುದಾದದ್ದು ಸಣ್ಣದು: ಖರೀದಿಗೇ ಒಂದು ಪ್ರತ್ಯೇಕ ಇಮೇಲ್, ಶಾಪಿಂಗ್ ಆ್ಯಪಿಗೆ ಕಾಂಟ್ಯಾಕ್ಟ್ಸ್, ಎಸ್ಸೆಮ್ಮೆಸ್ಸಿನ ಅನುಮತಿ ಇಲ್ಲ.

ಇನ್ನು ಪಾರ್ಸೆಲ್ ಪೆಟ್ಟಿಗೆ. ಹೆಸರು, ಫ್ಲ್ಯಾಟ್ ನಂಬರು, ಕೆಲವೊಮ್ಮೆ ಮೊಬೈಲ್ ಸಂಖ್ಯೆ ಸಮೇತ ಅದು ರದ್ದಿವಾಲನ ಕೈ ಸೇರುತ್ತದೆ. ವಾಪಸ್ ಕಳಿಸುವ ಗಡುವು ಮುಗಿಯುವವರೆಗೆ ಚೀಟಿ ಇಟ್ಟುಕೊಳ್ಳಿ, ಆಮೇಲೆ ಬಾರ್‌ಕೋಡ್ ಸಮೇತ ಕಿತ್ತು ಹರಿಯಿರಿ. ಕಿತ್ತು ಬರದ ಚೀಟಿ ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದದ್ದಾದರೆ, ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆ ಒಮ್ಮೆ ಎಳೆದರೆ ಅಕ್ಷರಗಳು ಮುಚ್ಚಿಹೋಗುತ್ತವೆ.