ಮಹಾರಾಜನ ಆತಿಥ್ಯದಿಂದ ಕಿಲೋ ಲೆಕ್ಕದವರೆಗೆ: ವಿಮಾನ ಸಂಸ್ಥೆಗಳ ಮಿತವ್ಯಯದ ಹಿನ್ನೆಲೆ

ಕಾಸರಗೋಡಿನಿಂದ ಕೊಲ್ಲಿ ದೇಶಗಳಿಗೆ ಹೊರಡುವವರಿಗೆ ಹತ್ತಿರದ ವಿಮಾನ ನಿಲ್ದಾಣಗಳು ಎರಡು. ಉತ್ತರಕ್ಕೆ ಗಡಿ ದಾಟಿದರೆ ಮಂಗಳೂರಿನ ಬಜಪೆ. ದಕ್ಷಿಣಕ್ಕೆ ಇಳಿದರೆ 2018ರ ಡಿಸೆಂಬರಿನಲ್ಲಿ ಆರಂಭವಾದ, ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣ. ಮಂಜೇಶ್ವರ, ಉಪ್ಪಳ, ಕುಂಬಳೆಗಳ ಟ್ರಾವೆಲ್ಸ್‌ಗಳಲ್ಲಿ ಟಿಕೆಟ್ ವಿಚಾರಿಸುವವರು ದರ ಕೇಳಿದ ಬೆನ್ನಿಗೇ ಕೇಳುವುದು ಲಗೇಜು ಎಷ್ಟು ಕಿಲೋ ಎಂಬುದನ್ನು. ವಿಮಾನದಲ್ಲಿ ಊಟ ಕೊಡುತ್ತಾರೆಯೇ, ಕಾಲು ಚಾಚಲು ಜಾಗವಿದೆಯೇ ಎಂದು ವಿಚಾರಿಸುವವರು ಕಡಿಮೆ. ಆದರೆ ಇದೇ ಮಂದಿ ದೇಶದೊಳಗಿನ ಪ್ರಯಾಣಕ್ಕೆ ಹೆಸರಾಂತ, ಹೆಚ್ಚು ದರದ ಸಂಸ್ಥೆಯೊಂದರ ಟಿಕೆಟ್ ಕೊಂಡಾಗ ತಿಂಡಿಯ ಪೊಟ್ಟಣ ಹಿಂದಿನಷ್ಟು ದೊಡ್ಡದಿಲ್ಲ ಎಂಬುದನ್ನು ಕೂಡಲೇ ಗಮನಿಸುತ್ತಾರೆ, ಮನೆಗೆ ಬಂದು ಹೇಳುತ್ತಾರೆ ಕೂಡ. ಅಗ್ಗದ ವಿಮಾನದಲ್ಲಿ ಏನೂ ಸಿಗದಿದ್ದುದು ದೂರಾಗುವುದಿಲ್ಲ. ದುಬಾರಿ ವಿಮಾನದಲ್ಲಿ ಸ್ವಲ್ಪ ಕಡಿಮೆಯಾದುದು ದೂರಾಗುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಅರಿಯಲು ವಿಮಾನಯಾನದ ಇತಿಹಾಸವನ್ನು ತುಸು ಹಿಂದಿನಿಂದಲೇ ನೋಡಬೇಕಾಗುತ್ತದೆ.

ಎರಡನೆಯ ಮಹಾಯುದ್ಧದ ನಂತರ ಹಲವು ದಶಕಗಳ ಕಾಲ ಅಂತಾರಾಷ್ಟ್ರೀಯ ವಿಮಾನ ಟಿಕೆಟಿನ ದರವನ್ನು ಆಯಾ ಸಂಸ್ಥೆ ತನಗೆ ತೋಚಿದಂತೆ ನಿಗದಿಪಡಿಸುವಂತಿರಲಿಲ್ಲ. ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಎಟಿಎಯ ಸಭೆಗಳಲ್ಲಿ ದರಗಳು ತೀರ್ಮಾನವಾಗುತ್ತಿದ್ದವು, ಸರ್ಕಾರಗಳು ಅವಕ್ಕೆ ಒಪ್ಪಿಗೆ ಕೊಡುತ್ತಿದ್ದವು. ದರದಲ್ಲಿ ಪೈಪೋಟಿಗೆ ಅವಕಾಶವಿಲ್ಲದ ಕಾರಣ ಪೈಪೋಟಿಯೆಲ್ಲ ಊಟ, ಉಪಚಾರ, ಆಸನ ಮತ್ತು ಗಗನಸಖಿಯರ ಉಡುಪಿನ ಕಡೆಗೆ ತಿರುಗಿತು. ಇದು ಎಷ್ಟರ ಮಟ್ಟಿಗೆ ಹೋಯಿತೆಂದರೆ, 1958ರಲ್ಲಿ ಅಟ್ಲಾಂಟಿಕ್ ದಾಟುವ ಅಗ್ಗದ ದರ್ಜೆಯ ಪ್ರಯಾಣಿಕರಿಗೆ ಸ್ಯಾಂಡ್‌ವಿಚ್ ಮಾತ್ರ ಕೊಡಬಹುದೆಂಬ ನಿಯಮವಿದ್ದಾಗ, ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಸಂಸ್ಥೆ ಮಾಂಸ, ಮೀನು, ತರಕಾರಿಗಳನ್ನು ಧಾರಾಳವಾಗಿ ಹೇರಿದ ತೆರೆದ ಸ್ಯಾಂಡ್‌ವಿಚ್ ಬಡಿಸಿತೆಂದು, ಅದು ಸ್ಯಾಂಡ್‌ವಿಚ್ಚೇ ಅಲ್ಲ, ಪೂರ್ತಿ ಊಟವೆಂದು ಅಮೆರಿಕದ ಪ್ಯಾನ್ ಆಮ್ ದೂರು ಕೊಟ್ಟಿತು. ಇಂದು ಕೇಳಿದರೆ ನಗು ಬರುವ ಈ ಜಗಳದಲ್ಲಿ ಒಂದು ಯುಗದ ಅರ್ಥಶಾಸ್ತ್ರವೇ ಅಡಗಿದೆ: ತಟ್ಟೆಯಲ್ಲಿ ಏನಿದೆ ಎಂಬುದರ ಮೇಲೆಯೇ ಸಂಸ್ಥೆಗಳ ಹೆಸರು ನಿಂತಿದ್ದ ಕಾಲವದು.

ಏರ್ ಇಂಡಿಯಾ ತನ್ನ ಹೆಸರನ್ನು ಕಟ್ಟಿಕೊಂಡದ್ದು ಈ ಕಾಲದಲ್ಲಿಯೇ. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ಅಂಚೆಯ ಚೀಲಗಳೊಂದಿಗೆ ಹಾರಿ ಆರಂಭಿಸಿದ ಸಂಸ್ಥೆ, 1948ರ ಜೂನ್‌ನಲ್ಲಿ ಲಂಡನ್ನಿಗೆ ಹಾರಾಟ ಶುರುಮಾಡುವ ಹೊತ್ತಿಗೆ, ಸಂಸ್ಥೆಯ ಅಧಿಕಾರಿ ಬಾಬಿ ಕೂಕಾ ಮತ್ತು ಕಲಾವಿದ ಉಮೇಶ ರಾವ್ 1946ರಲ್ಲಿ ರೂಪಿಸಿದ ಮಹಾರಾಜನ ಚಿತ್ರ ಅದರ ಗುರುತಾಗಿತ್ತು. ಬಾಗಿ ವಂದಿಸುವ ಆ ಮಹಾರಾಜ ಪ್ರಯಾಣಿಕರಿಗೆ ಕೊಟ್ಟದ್ದು ಒಂದು ಭರವಸೆ. ವಿಮಾನ ಹತ್ತಿದವರು ಗಿರಾಕಿಗಳಲ್ಲ, ಅತಿಥಿಗಳು ಎಂಬುದು ಅದರ ತಿರುಳು. 1953ರಲ್ಲಿ ರಾಷ್ಟ್ರೀಕರಣವಾದ ಮೇಲೂ ಟಾಟಾ 1978ರವರೆಗೆ ಅಧ್ಯಕ್ಷರಾಗಿಯೇ ಇದ್ದರು. ಪರದೆಯ ಬಣ್ಣದಿಂದ ಹಿಡಿದು ಚಹಾದ ಹದದವರೆಗೆ ತಾವೇ ಟಿಪ್ಪಣಿ ಬರೆಯುವ ಅವರ ಅಭ್ಯಾಸ ಹೆಸರುವಾಸಿಯಾಗಿದೆ. 1967ರಲ್ಲಿ ಸಾಲ್ವಡಾರ್ ಡಾಲಿಯಿಂದ ಬೂದಿಬಟ್ಟಲುಗಳನ್ನು ವಿನ್ಯಾಸಗೊಳಿಸಿ ಪ್ರಯಾಣಿಕರಿಗೆ ಉಡುಗೊರೆಯಾಗಿ ಹಂಚಿದ ಈ ಸಂಸ್ಥೆ, ಪ್ರತಿಯಾಗಿ ಆ ಕಲಾವಿದನಿಗೆ ಆನೆಮರಿಯೊಂದನ್ನು ಕಳುಹಿಸಿತ್ತು. ಟಿಕೆಟ್ ಕೊಳ್ಳಲು ಶಕ್ತರಾದವರು ಬೆರಳೆಣಿಕೆಯಷ್ಟಿದ್ದ ದೇಶದಲ್ಲಿ ಇದೆಲ್ಲ ನಡೆಯಿತೆಂಬುದನ್ನು ಮರೆಯದೆ ಈ ವೈಭವವನ್ನು ನೆನೆಯುವುದು ಒಳ್ಳೆಯದು.

ವ್ಯವಸ್ಥೆ ಬದಲಾದದ್ದು 1978ರಲ್ಲಿ, ಅಮೆರಿಕ ತನ್ನ ಒಳನಾಡಿನ ವಿಮಾನಯಾನವನ್ನು ಸರ್ಕಾರದ ದರ ನಿಯಂತ್ರಣದಿಂದ ಬಿಡುಗಡೆ ಮಾಡಿದಾಗ. ದರಗಳು ಇಳಿದವು, ಪ್ರಯಾಣಿಕರು ಹೆಚ್ಚಿದರು, ಲಾಭದ ಅಂಚು ತೆಳುವಾಯಿತು. ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ರಾಬರ್ಟ್ ಕ್ರ್ಯಾಂಡಲ್ 1980ರ ದಶಕದಲ್ಲಿ ಪ್ರತಿ ಸಲಾಡಿನಿಂದ ಒಂದೊಂದು ಆಲಿವ್ ಕಾಯಿ ತೆಗೆಸಿ ವರ್ಷಕ್ಕೆ ಸುಮಾರು 40 ಸಾವಿರ ಡಾಲರ್ ಉಳಿಸಿದರೆಂಬ ಕತೆ ಈ ಉದ್ಯಮದಲ್ಲಿ ಇಂದಿಗೂ ಪಾಠದಂತೆ ಚಾಲ್ತಿಯಲ್ಲಿದೆ. ಪಾಠವನ್ನು ಎಲ್ಲರೂ ಕಲಿತರು. ಆ ಆಲಿವ್ ಇಲ್ಲವಾದದ್ದು ಯಾರ ಗಮನಕ್ಕೂ ಬರಲಿಲ್ಲ ಎಂಬ ಅದರ ಮುಖ್ಯ ಭಾಗವನ್ನು ಮಾತ್ರ ಹಲವರು ಬಿಟ್ಟುಬಿಟ್ಟರು.

ಇಲ್ಲಿ ವಿಮಾನ ಸಂಸ್ಥೆಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಅವುಗಳ ಖರ್ಚಿನ ದೊಡ್ಡ ಪಾಲು ಅವುಗಳ ಕೈಯಲ್ಲಿಲ್ಲ. ಭಾರತದಲ್ಲಿ ಇಂಧನವೊಂದೇ ಒಟ್ಟು ವೆಚ್ಚದ ಮೂರನೆಯ ಒಂದು ಭಾಗದಿಂದ ಶೇ 40ರವರೆಗೆ ತಿನ್ನುತ್ತದೆ, ಅದರ ಮೇಲೆ ರಾಜ್ಯಗಳು ತಮ್ಮ ತಮ್ಮ ತೆರಿಗೆ ಹಾಕುತ್ತವೆ. ವಿಮಾನಗಳ ಬಾಡಿಗೆಯನ್ನೂ ಬಿಡಿಭಾಗಗಳ ಬೆಲೆಯನ್ನೂ ಡಾಲರಿನಲ್ಲಿ ತೆರಬೇಕು. ನಿಲ್ದಾಣಗಳ ಶುಲ್ಕದ ಬಗ್ಗೆ ಚೌಕಾಸಿ ಮಾಡಲು ಅವಕಾಶ ಅಷ್ಟಕ್ಕಷ್ಟೆ. ನಷ್ಟ ಕಂಡ ಆಡಳಿತ ಮಂಡಳಿಯ ಕತ್ತರಿಗೆ ಸಿಗುವುದು ಸಿಬ್ಬಂದಿಯ ವೇತನ, ಊಟ, ಆಸನಗಳ ನಡುವಿನ ಅಂತರ ಮತ್ತು ಲಗೇಜಿನ ತೂಕ. ಕೈಗೆ ಸಿಗುವ ಈ ಬಾಬುಗಳೇ ಪ್ರಯಾಣಿಕರ ಕಣ್ಣಿಗೆ ಬೀಳುವ ಬಾಬುಗಳೂ ಆಗಿರುವುದು ಈ ಉದ್ಯಮದ ದುರದೃಷ್ಟ.

ಭಾರತದಲ್ಲಿ ಸರ್ಕಾರದ ಏಕಸ್ವಾಮ್ಯವನ್ನು ಕಾಯುತ್ತಿದ್ದ 1953ರ ಕಾಯ್ದೆ ರದ್ದಾದದ್ದು 1994ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಹಾರಾಟ ಆರಂಭಿಸಿದ್ದ ಜೆಟ್ ಏರ್‌ವೇಸ್, ಹೊತ್ತಿಗೆ ಸರಿಯಾಗಿ ಹೊರಡುವ, ಬಿಸಿ ಊಟ ಕೊಡುವ ಸಂಸ್ಥೆಯೆಂಬ ಹೆಸರನ್ನು ಬೇಗನೆ ಗಳಿಸಿತು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬಂದು, ನೀರಿಗೂ ಹಣ ಕೊಡಬೇಕಾದ, ಆದರೆ ರೈಲಿನ ಮೇಲ್ದರ್ಜೆಯ ದರದ ಆಸುಪಾಸಿನಲ್ಲಿ ಹಾರಬಹುದಾದ ಹೊಸ ಬಗೆಯನ್ನು ಪರಿಚಯಿಸಿತು. 2005ರಲ್ಲಿ ವಿಜಯ್ ಮಲ್ಯರ ಕಿಂಗ್‌ಫಿಶರ್ ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿ ಹೊರಟಿತು. ಪ್ರತಿ ಆಸನಕ್ಕೂ ಟಿವಿ ಪರದೆ, ಅತಿಥಿಯೆಂಬ ಸಂಬೋಧನೆ, ಅದ್ದೂರಿ ಊಟ. 2006ರಲ್ಲಿ ಬಂದ ಇಂಡಿಗೋ ಒಂದೇ ಬಗೆಯ ವಿಮಾನ, ಸಮಯಪಾಲನೆ, ಚೊಕ್ಕಟತನ ಇಷ್ಟನ್ನೇ ಮುಂದಿಟ್ಟು ಉಳಿದುದನ್ನೆಲ್ಲ ಕೈಬಿಟ್ಟಿತು.

ಮುಂದಿನ ವರ್ಷಗಳಲ್ಲಿ ಎರಡು ಮೇಲ್ದರ್ಜೆಯ ಸಂಸ್ಥೆಗಳು ಮಾಡಿದ್ದನ್ನು ಸ್ವಲ್ಪ ವಿವರವಾಗಿ ನೋಡುವುದು ಸೂಕ್ತ. 2007ರಲ್ಲಿ ಕಿಂಗ್‌ಫಿಶರ್ ಸಂಸ್ಥೆ ಏರ್ ಡೆಕ್ಕನ್ನನ್ನೂ, ಜೆಟ್ ಸಂಸ್ಥೆ ಏರ್ ಸಹಾರಾವನ್ನೂ ಕೊಂಡವು. ಡೆಕ್ಕನ್ ಮರುವರ್ಷ ಕಿಂಗ್‌ಫಿಶರ್ ರೆಡ್ ಆಯಿತು, ಸಹಾರಾ ಜೆಟ್‌ಲೈಟ್ ಆಯಿತು. 2009ರಲ್ಲಿ ಜೆಟ್ ಇವೆಲ್ಲ ಸಾಲದೆಂಬಂತೆ ಕನೆಕ್ಟ್ ಎಂಬ ಮತ್ತೊಂದು ಅಗ್ಗದ ಸೇವೆಯನ್ನು ಹುಟ್ಟುಹಾಕಿತು. ಜೆಟ್ ಎಂಬ ಹೆಸರನ್ನು ನಂಬಿ ಟಿಕೆಟ್ ಕೊಂಡವನು ಕೆಲವೊಮ್ಮೆ ಊಟ ಸಿಗುವ ವಿಮಾನದಲ್ಲಿಯೂ, ಕೆಲವೊಮ್ಮೆ ಊಟ ಮಾರುವ ವಿಮಾನದಲ್ಲಿಯೂ ಕೂರುವಂತಾಯಿತು. ಅಗ್ಗದ ಸೇವೆಗೆ ದೊಡ್ಡ ಹೆಸರಿನ ಹೊಳಪು ಬರಲಿ ಎಂಬುದು ಲೆಕ್ಕಾಚಾರ. ಆದದ್ದು, ದೊಡ್ಡ ಹೆಸರಿಗೆ ಅಗ್ಗದ ಸೇವೆಯ ಮಸಿ ತಗುಲಿದ್ದು. ಮಲ್ಯ 2011ರಲ್ಲಿ ಕಿಂಗ್‌ಫಿಶರ್ ರೆಡ್ ಅನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು, ಜೆಟ್ 2014ರ ಕೊನೆಗೆ ಎಲ್ಲವನ್ನೂ ಮತ್ತೆ ಒಂದೇ ಹೆಸರಿಗೆ ತಂದಿತು. ಅಷ್ಟರಲ್ಲಿ ಕಿಂಗ್‌ಫಿಶರ್ 2012ರಲ್ಲಿಯೇ ನೆಲಕಚ್ಚಿತ್ತು. ಜೆಟ್ 2018ರಲ್ಲಿ ಅಗ್ಗದ ಟಿಕೆಟುಗಳಿಗೆ ಉಚಿತ ಊಟವನ್ನು ನಿಲ್ಲಿಸುವ ಮಟ್ಟಕ್ಕೆ ಬಂದು, 2019ರ ಏಪ್ರಿಲ್ 17ರಂದು ಹಾರಾಟವನ್ನೇ ನಿಲ್ಲಿಸಿತು. ಅವೆರಡನ್ನೂ ಮುಳುಗಿಸಿದ್ದು ಮುಖ್ಯವಾಗಿ ಸಾಲ ಮತ್ತು ಇಂಧನದ ಬೆಲೆಯೇ ಹೊರತು ಊಟವಲ್ಲ, ನಿಜ. ಆದರೆ ಹೆಚ್ಚು ದರ ತೆರಲು ಜನರಿಗಿದ್ದ ಕಾರಣವನ್ನು ಅವು ತಾವಾಗಿಯೇ ಸವೆಸಿಕೊಂಡಿದ್ದವು.

ಬ್ರಿಟಿಷ್ ಏರ್‌ವೇಸ್‌ನ ಕತೆ ಇನ್ನೂ ಸ್ಪಷ್ಟವಾದುದು, ಏಕೆಂದರೆ ಆಗ ಅದಕ್ಕೆ ನಷ್ಟದ ಭಯವಿರಲಿಲ್ಲ. ಒಂದು ಕಾಲದಲ್ಲಿ ‘ಜಗತ್ತಿನ ಮೆಚ್ಚಿನ ವಿಮಾನ ಸಂಸ್ಥೆ’ ಎಂದು ಜಾಹೀರಾತು ಕೊಡುತ್ತಿದ್ದ ಅದು, 2017ರ ಜನವರಿಯಲ್ಲಿ ಸಮೀಪದ ಊರುಗಳ ಸಾಮಾನ್ಯ ದರ್ಜೆಯಲ್ಲಿ ಉಚಿತ ತಿಂಡಿ ಪಾನೀಯಗಳನ್ನು ನಿಲ್ಲಿಸಿ, ಮಾರ್ಕ್ಸ್ ಅಂಡ್ ಸ್ಪೆನ್ಸರ್ ತಿನಿಸುಗಳನ್ನು ಮಾರತೊಡಗಿತು. ಅದೇ ಮೇ ತಿಂಗಳಲ್ಲಿ ಗಣಕ ವ್ಯವಸ್ಥೆ ಕೈಕೊಟ್ಟು ಸಾವಿರಾರು ಪ್ರಯಾಣಿಕರು ಲಂಡನ್ನಿನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದಾಗ, ಅದಕ್ಕೆ ಮಿತವ್ಯಯ ಕಾರಣವಲ್ಲವೆಂದು ಸಂಸ್ಥೆ ಎಷ್ಟು ಹೇಳಿದರೂ ಜನ ಸುಲಭವಾಗಿ ನಂಬಲಿಲ್ಲ. ಸ್ಯಾಂಡ್‌ವಿಚ್‌ಗೆ ಕೈಹಾಕಿದವರು ಇನ್ನೆಲ್ಲೆಲ್ಲಿ ಕೈಹಾಕಿರಬಹುದು ಎಂಬ ಗುಮಾನಿ ಅದು. ಹೊಸ ಆಡಳಿತ ಬಂದ ಮೇಲೆ 2021ರಲ್ಲಿ ಒಂದು ಬಾಟಲಿ ನೀರು, ಒಂದು ಸಣ್ಣ ತಿನಿಸು ಉಚಿತವಾಗಿ ಮರಳಿದವು.

ಈ ವರ್ತನೆಗೆ ಮನಶ್ಶಾಸ್ತ್ರದಲ್ಲಿ ಆಧಾರವಿದೆ. ಡೇನಿಯಲ್ ಕಾನ್ಮನ್ ಮತ್ತು ಆಮೋಸ್ ಟ್ವರ್‌ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಮನುಷ್ಯರು ಲಾಭ ನಷ್ಟಗಳನ್ನು ಒಂದು ನೆಲೆಯಿಂದ ಅಳೆಯುತ್ತಾರೆ, ಮತ್ತು ಅಷ್ಟೇ ಮೊತ್ತದ ಲಾಭಕ್ಕಿಂತ ನಷ್ಟವೇ ಹೆಚ್ಚು ನೋಯಿಸುತ್ತದೆ. ಅಗ್ಗದ ಸಂಸ್ಥೆಯಲ್ಲಿ ಪ್ರಯಾಣಿಕನ ನೆಲೆ ಸೊನ್ನೆ. ಮೇಲ್ದರ್ಜೆಯ ಸಂಸ್ಥೆಯಲ್ಲಿ ಅವನ ನೆಲೆ ಆ ಸಂಸ್ಥೆಯೇ ಹಿಂದೆ ಕೊಟ್ಟ ಮಾತು. ಆದ್ದರಿಂದ ಪ್ರತಿಸ್ಪರ್ಧಿಗಿಂತ ನಾವು ಈಗಲೂ ಹೆಚ್ಚೇ ಕೊಡುತ್ತಿದ್ದೇವೆ ಎಂಬ ಸಮರ್ಥನೆ ಅವನ ಮುಂದೆ ನಡೆಯುವುದಿಲ್ಲ. ಅವನು ಹೋಲಿಸುತ್ತಿರುವುದು ಪ್ರತಿಸ್ಪರ್ಧಿಯೊಂದಿಗಲ್ಲ. ದರ ಇಳಿಸದೆ ಸೇವೆಯನ್ನು ಮಾತ್ರ ಇಳಿಸಿದಾಗ, ಸಂಸ್ಥೆಯ ಪುಸ್ತಕದಲ್ಲಿ ಅದು ಉಳಿತಾಯ, ಕೊಂಡವನ ಲೆಕ್ಕದಲ್ಲಿ ಅಳತೆ ತಪ್ಪಿಸಿದ ವ್ಯಾಪಾರ.

2017ರಲ್ಲಿ ಏರ್ ಇಂಡಿಯಾ ದೇಶೀಯ ಹಾರಾಟಗಳ ಸಾಮಾನ್ಯ ದರ್ಜೆಯಲ್ಲಿ ಮಾಂಸಾಹಾರವನ್ನು ನಿಲ್ಲಿಸಿದ್ದನ್ನು ಇದೇ ಬೆಳಕಿನಲ್ಲಿ ನೋಡಬಹುದು. ಅದರಿಂದ ಉಳಿಯುತ್ತದೆಂದು ಹೇಳಲಾದದ್ದು ವರ್ಷಕ್ಕೆ ಕೆಲವು ಕೋಟಿ ರೂಪಾಯಿ. ಸಂಸ್ಥೆಯ ಮೇಲಿದ್ದ ಸಾಲವಾದರೋ ಹತ್ತಾರು ಸಾವಿರ ಕೋಟಿಗಳದು. 2022ರ ಜನವರಿ 27ರಂದು ಟಾಟಾ ಸಮೂಹ ಸಂಸ್ಥೆಯನ್ನು ಮರಳಿ ಪಡೆದಾಗ ಜನರ ನಿರೀಕ್ಷೆ ಜೆ.ಆರ್.ಡಿ. ಕಾಲದ ಎತ್ತರಕ್ಕೇ ಹೋಯಿತು. ಹೊಸ ಆಡಳಿತ ಹಳೆಯ ದೊಡ್ಡ ವಿಮಾನಗಳ ಒಳಾಂಗಣ ನವೀಕರಣಕ್ಕೆ 40 ಕೋಟಿ ಡಾಲರ್ ತೆಗೆದಿರಿಸಿತು, 2023ರಲ್ಲಿ 470 ಹೊಸ ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಆದರೆ 2024ರ ಮೇ ತಿಂಗಳಲ್ಲಿ ದೇಶೀಯ ಹಾರಾಟದ ಕಡಿಮೆ ದರದ ಟಿಕೆಟುಗಳಿಗೆ ಲಗೇಜಿನ ಮಿತಿಯನ್ನು 15 ಕಿಲೋಗೆ ಇಳಿಸಿತು. ಅದೇ ವರ್ಷ ನವೆಂಬರ್ 12ರಂದು, ಸಿಂಗಪುರ ಏರ್‌ಲೈನ್ಸ್ ಜೊತೆ ಟಾಟಾ ಸಮೂಹ 2015ರಿಂದ ನಡೆಸುತ್ತಿದ್ದ ವಿಸ್ತಾರವೂ ಏರ್ ಇಂಡಿಯಾದಲ್ಲಿ ಲೀನವಾಯಿತು. ಜೆಟ್ ಹೋದ ಮೇಲೆ ದೇಶದಲ್ಲಿ ಮೇಲ್ದರ್ಜೆಯ ಸೇವೆಗೆ ಮಾದರಿಯಾಗಿದ್ದ ಹೆಸರು ಅದೊಂದೇ. ತಮಾಷೆಯೆಂದರೆ, ಅದೇ ನವೆಂಬರಿನಲ್ಲಿ ಇಂಡಿಗೋ ದೆಹಲಿ ಮುಂಬಯಿ ಮಾರ್ಗದಲ್ಲಿ ತನ್ನ ಮೊದಲ ಬಿಸಿನೆಸ್ ದರ್ಜೆಯನ್ನು ಆರಂಭಿಸಿತು.

ಇನ್ನು ಕಾಸರಗೋಡಿನ ಮಾತು. ಇಲ್ಲಿನ ಕೊಲ್ಲಿ ಪ್ರಯಾಣಿಕರಿಗೆ ಏರ್ ಇಂಡಿಯಾ ಸಿಕ್ಕಿದ್ದು ಮಹಾರಾಜನ ರೂಪದಲ್ಲಲ್ಲ. 2005ರಲ್ಲಿ ಕೊಲ್ಲಿ ಮಾರ್ಗಗಳಿಗೆಂದೇ ಹುಟ್ಟಿದ, 2006ರಲ್ಲಿ ಮಂಗಳೂರಿನಿಂದ ದುಬೈಗೆ ಹಾರತೊಡಗಿದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ರೂಪದಲ್ಲಿ. ಅಗ್ಗದ ಸೇವೆಯೆಂದು ಹೆಸರಾದರೂ ಓಣಂ, ಈದ್, ಶಾಲಾ ರಜೆಗಳ ಹೊತ್ತಿಗೆ ದರ ಹಲವು ಪಟ್ಟು ಏರುವುದರಿಂದ, ಇಲ್ಲಿನ ಮಟ್ಟಿಗೆ ಅದು ಎಂದೂ ಅಗ್ಗವೆನಿಸಲಿಲ್ಲ. ಬಜಪೆಯಿಂದಲೂ ಮಟ್ಟನ್ನೂರಿನಿಂದಲೂ ಕೊಲ್ಲಿಯ ವಿಮಾನ ಸಂಸ್ಥೆಗಳ ಸೇವೆಯಿಲ್ಲ. ಆದುದರಿಂದ ಮುನಿಸಿಕೊಂಡವನಿಗೆ ಹೋಗಲು ಬೇರೆ ಬಾಗಿಲುಗಳೂ ಹೆಚ್ಚಿಲ್ಲ. ಇದರ ಜೊತೆಗೆ ಹಳೆಯ ಋಣವೂ ಒಂದಿದೆ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಜೋರ್ಡಾನಿನ ಅಮ್ಮಾನಿನಿಂದ ಸುಮಾರು ಎರಡು ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಊರಿಗೆ ತಂದದ್ದು ಏರ್ ಇಂಡಿಯಾ; ಕೇರಳ ಕರಾವಳಿಯ ಹಿರಿಯರು ಅದನ್ನು ಮರೆತಿಲ್ಲ.

ಮಿತವ್ಯಯದ ಚರ್ಚೆ ಬಂದಾಗಲೆಲ್ಲ ಇಲ್ಲಿ ಸುರಕ್ಷತೆಯ ಪ್ರಶ್ನೆಯೂ ಏಳುತ್ತದೆ. 2010ರ ಮೇ 22ರಂದು ಬಜಪೆಯಲ್ಲಿ 158 ಮಂದಿ ಸತ್ತ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ದುರಂತದಲ್ಲಿ ಈ ಜಿಲ್ಲೆಯ ಹಲವು ಮನೆಗಳವರಿದ್ದರು. ತನಿಖೆ ಬೊಟ್ಟುಮಾಡಿದ್ದು ಇಳಿಯುವ ಯತ್ನವನ್ನು ಕೈಬಿಡದ ಪೈಲಟ್‌ನ ತಪ್ಪಿನ ಕಡೆಗೆ. ಅದನ್ನು ಊಟ, ಲಗೇಜುಗಳ ಉಳಿತಾಯದ ಜೊತೆ ಬೆರೆಸುವುದು ನ್ಯಾಯವಲ್ಲ.

ಇಲ್ಲಿನವರ ಅಳತೆಗೋಲು ಕಿಲೋ ಎಂದೆನಷ್ಟೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುವವನ ಪೆಟ್ಟಿಗೆಯಲ್ಲಿ ಮನೆಯವರೆಲ್ಲರ ಪಾಲು ಇರುತ್ತದೆ: ಬರುವಾಗ ಖರ್ಜೂರ, ಹಾಲಿನ ಪುಡಿ, ಕಂಬಳಿ, ಹೋಗುವಾಗ ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಉಪ್ಪಿನಕಾಯಿ. ಅವನಿಗೆ 30 ಕಿಲೋ ಎಂಬುದು ಮಹಾರಾಜನ ಆತಿಥ್ಯಕ್ಕೆ ಸಮನಾದ ಭರವಸೆ. ಹಾಗಾಗಿ 2024ರ ಆಗಸ್ಟಿನಲ್ಲಿ ಯುಎಇಯಿಂದ ಭಾರತಕ್ಕೆ ಬರುವ ಟಿಕೆಟುಗಳಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಉಚಿತ ಲಗೇಜನ್ನು 30ರಿಂದ 20 ಕಿಲೋಗೆ ಇಳಿಸಿದಾಗ, ಊಟ ನಿಂತಾಗ ಏಳದ ದನಿಗಳು ಎದ್ದವು. ಅದಕ್ಕೆ ಮೂರು ತಿಂಗಳ ಹಿಂದೆಯಷ್ಟೇ ಸಿಬ್ಬಂದಿ ಸಾಮೂಹಿಕವಾಗಿ ಅನಾರೋಗ್ಯದ ರಜೆ ಹಾಕಿ ಹಾರಾಟಗಳು ರದ್ದಾಗಿದ್ದವು. ಕಣ್ಣೂರಿನಲ್ಲಿ ಸಿಕ್ಕಿಬಿದ್ದವರಲ್ಲಿ ವೀಸಾ ಅವಧಿಯ ಚಿಂತೆ ಹೊತ್ತವರೂ ಇದ್ದರು. ಹಿಂದಿನ ಏರ್ ಏಷ್ಯಾ ಇಂಡಿಯಾವನ್ನು ಎಕ್ಸ್‌ಪ್ರೆಸ್‌ನಲ್ಲಿ ವಿಲೀನಗೊಳಿಸುವ ಸಂದರ್ಭದ ಕೆಲಸದ ಷರತ್ತುಗಳ ಬಗ್ಗೆ ಸಿಬ್ಬಂದಿಯಲ್ಲಿದ್ದ ಅಸಮಾಧಾನ ಅದಕ್ಕೆ ಕಾರಣವಾಗಿತ್ತು. ತಟ್ಟೆಯಿಂದ ತೆಗೆದದ್ದಕ್ಕಿಂತ ಸಿಬ್ಬಂದಿಯ ಪಾಲಿನಿಂದ ತೆಗೆದದ್ದು ಪ್ರಯಾಣಿಕನಿಗೆ ಹೆಚ್ಚು ದುಬಾರಿಯಾಗಬಲ್ಲದು ಎಂಬುದನ್ನು ಆ ವಾರ ತೋರಿಸಿತು.

ಲಗೇಜಿನ ಮಿತಿಯನ್ನು ಸಂಸ್ಥೆ ಮುಂದೆ ಮತ್ತೆ 30 ಕಿಲೋಗೆ ಏರಿಸಿತು. ಅದೇ ವೇಳೆಗೆ, ಪೆಟ್ಟಿಗೆಯಿಲ್ಲದೆ ಕೈಚೀಲವೊಂದರಲ್ಲೇ ಹೋಗುವವರಿಗೆಂದು 2024ರ ಆರಂಭದಲ್ಲಿ ತಂದ ಕಡಿಮೆ ದರದ ಟಿಕೆಟನ್ನೂ ಉಳಿಸಿಕೊಂಡಿತು. ಮೊದಲೇ ಹೇಳಿ, ದರದಲ್ಲಿ ಬಿಟ್ಟುಕೊಟ್ಟು, ಬೇಕಾದವರು ಮಾತ್ರ ಆರಿಸಿಕೊಳ್ಳುವಂತೆ ಮಾಡಿದ ಈ ಎರಡನೆಯ ಬಗೆಯ ಉಳಿತಾಯದ ಬಗ್ಗೆ ಉಪ್ಪಳದ ಟ್ರಾವೆಲ್ಸ್‌ಗಳಲ್ಲಿ ಯಾರೂ ಜಗಳ ಮಾಡುವುದಿಲ್ಲ. ಹೆಚ್ಚಿನವರು ಅದನ್ನು ಕೊಳ್ಳುವುದೂ ಇಲ್ಲ.